ಬಾನುಲಿಯ ಮಾತು ವ್ಯರ್ಥವೆಂಬ ವಾದ

ಸಾರ್ವಜನಿಕ ಬಾನುಲಿಯ ಕಾಲವು ತೀರಿತೆಂದೂ, ಅದರ ಹಾಡುಗಳಿಗೆ ಅಲ್ಲೊಬ್ಬ ಇಲ್ಲೊಬ್ಬ ಕೇಳುಗನು ಉಳಿದಿದ್ದರೂ ವಾರ್ತೆ, ಭಾಷಣ, ಸಂದರ್ಶನ, ಚರ್ಚೆಗಳೆಂಬ ಮಾತಿನ ಭಾಗಕ್ಕೆ ಕಿವಿಗೊಡುವವರು ಯಾರೂ ಇಲ್ಲವೆಂದೂ, ಆದಕಾರಣ ಜಿಲ್ಲೆಗೊಂದು ನಿಲಯವನ್ನು ಸಾಕುವ ಬದಲು ರಾಜಧಾನಿಯಿಂದ ಒಂದೇ ಪ್ರಸಾರವನ್ನು ನಾಡಿಗೆಲ್ಲ ಹಂಚಿ, ಮಿಕ್ಕ ಹೊತ್ತನ್ನು ಚಿತ್ರಗೀತೆಗಳಿಂದ ತುಂಬಿ, ಬೊಕ್ಕಸದ ಹಣವನ್ನು ಉಳಿಸುವುದೇ ವಿವೇಕವೆಂದೂ ಹೇಳುವ ಅಭಿಪ್ರಾಯವೊಂದು ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾವಂತರ ನಡುವೆ ನಿರ್ವಿವಾದವಾದ ಸತ್ಯವೆಂಬಂತೆ ಚಲಾವಣೆಯಲ್ಲಿದೆ. ಇದನ್ನು ಆಡುವವರಲ್ಲಿ ಸಜ್ಜನರು ಅನೇಕರಿದ್ದಾರೆ. ಬಾನುಲಿಯನ್ನು ಕೇಳಿಯೇ ಬೆಳೆದವರೂ, ಅದನ್ನು ನೆನೆದು ಕಣ್ಣು ತೇವಮಾಡಿಕೊಳ್ಳುವವರೂ ಇದ್ದಾರೆ. ಸತ್ತವರನ್ನು ಕುರಿತು ಆಡುವ ಪ್ರೀತಿಯ ಮಾತನ್ನು ಬದುಕಿರುವ ಸಂಸ್ಥೆಯೊಂದನ್ನು ಕುರಿತು ಆಡುವುದರಿಂದ ಆಗುವ ಅಪಾಯವನ್ನು ಅವರು ಎಣಿಸಿಲ್ಲ. ಈ ಅಭಿಪ್ರಾಯವು ಸಂಗತಿಯಲ್ಲಿ ತಪ್ಪು, ತರ್ಕದಲ್ಲಿ ತಪ್ಪು, ಜನರನ್ನು ಕುರಿತ ಭಾವನೆಯಲ್ಲಂತೂ ಅತ್ಯಂತ ತಪ್ಪು ಎಂಬುದು ನನ್ನ ದೃಢವಾದ ನಂಬಿಕೆ.

ನಿರ್ಣಯಕ್ಕೆ ಮೊದಲು ಪದಾರ್ಥವನ್ನು ಪರೀಕ್ಷಿಸತಕ್ಕದ್ದು ನ್ಯಾಯವಷ್ಟೆ. ಕನ್ನಡನಾಡಿನ ಆಕಾಶವಾಣಿ ನಿಲಯವೊಂದರ ಸಾಮಾನ್ಯವಾದ ಒಂದು ದಿನವನ್ನು ಉದಯದಿಂದ ರಾತ್ರಿಯವರೆಗೆ ಆಲಿಸಿದವನಿಗೆ ದೊರೆಯುವುದೇನು? ವಾಲ್ಟರ್ ಕಾಫ್‌ಮನ್ ರಚಿಸಿದನೆಂದು ಹೆಸರಾದ ಆ ಸಂಕೇತವಾದ್ಯದ ಬಳಿಕ ವಂದೇ ಮಾತರಂ, ಭಕ್ತಿಗೀತೆ, ಕೆಲವೇ ನಿಮಿಷಗಳ ಒಂದು ಚಿಂತನ. ರೈತನಿಗೆ ಆ ವಾರದ ಬೆಳೆಯಲ್ಲಿ ಕಾಣಿಸಿಕೊಂಡ ರೋಗವನ್ನೂ ಅದಕ್ಕೆ ಸಿಂಪಡಿಸಬೇಕಾದ ಔಷಧದ ಪ್ರಮಾಣವನ್ನೂ ತಿಳಿಸುವ ಸಲಹೆ. ಆರು ಗಂಟೆ ಐವತ್ತೈದು ನಿಮಿಷಕ್ಕೆ 1974ರಿಂದ ಕೇಳಿಬರುತ್ತಿರುವ ಸಂಸ್ಕೃತ ವಾರ್ತೆ. ಪ್ರದೇಶ ಸಮಾಚಾರ, ಕನ್ನಡ ವಾರ್ತೆ, ಹವಾಮಾನದ ಮುನ್ಸೂಚನೆ, ಪೇಟೆ ಧಾರಣೆ. ಮಧ್ಯಾಹ್ನದಲ್ಲಿ ವನಿತೆಯರ ಕಾರ್ಯಕ್ರಮ, ವೈದ್ಯರೊಡನೆ ಸಂದರ್ಶನ, ಕೇಳುಗರೇ ದೂರವಾಣಿಯಲ್ಲಿ ಪ್ರಶ್ನೆ ಕೇಳುವ ನೇರ ಪ್ರಸಾರ. ಸಂಜೆ ಕೃಷಿರಂಗ, ಯುವವಾಣಿ, ಉದ್ಯೋಗ ಮಾಹಿತಿ. ರಾತ್ರಿ ಪುಸ್ತಕ ಪರಿಚಯ, ಚರ್ಚೆ, ನಾಟಕ. ಈ ಹೊತ್ತುಗಳಲ್ಲಿ ಮಾತನಾಡುವವರು ಯಾರು? ತಾಲ್ಲೂಕಿನ ತೋಟಗಾರಿಕೆ ಅಧಿಕಾರಿ, ಸರ್ಕಾರಿ ಆಸ್ಪತ್ರೆಯ ಹೆರಿಗೆ ವೈದ್ಯೆ, ನಿವೃತ್ತ ಕನ್ನಡ ಪಂಡಿತರು, ಹಾಲಿನ ಸಹಕಾರ ಸಂಘದ ಕಾರ್ಯದರ್ಶಿ, ಸೋಬಾನೆ ಹಾಡುವ ಮುದುಕಿ. ಬೇರೆ ಯಾವ ಮಾಧ್ಯಮವೂ ಇವರ ಮುಂದೆ ಧ್ವನಿಗ್ರಾಹಕವನ್ನು ಇಟ್ಟು ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳುವುದನ್ನು ನಾನು ಕಾಣೆನು.

ಹತ್ತು ನಿಮಿಷದ ಬಾನುಲಿ ಭಾಷಣವೆಂಬುದು ಹೇಗೆ ಸಿದ್ಧವಾಗುತ್ತದೆಂಬುದನ್ನು ಹತ್ತಿರದಿಂದ ನೋಡಿದವರು ಅದನ್ನು ವ್ಯರ್ಥವೆಂದು ಹೇಳಲಾರರು. ಭಾಷಣಕಾರನು ತಂದ ಬರಹವನ್ನು ಕಾರ್ಯಕ್ರಮ ನಿರ್ವಾಹಕನು ಮೊದಲು ಕಣ್ಣಿನಿಂದ ಓದಿ, ಆಮೇಲೆ ಬಾಯಿಂದ ಓದಿಸಿ, ‘ಮೇಲೆ ಹೇಳಿದಂತೆ’ ಎಂಬುದನ್ನು ಹೊಡೆದುಹಾಕುತ್ತಾನೆ. ಕೇಳುಗನಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ‘ಕ್ರಮವಾಗಿ’ ಎಂದು ಮೂರು ಹೆಸರುಗಳನ್ನೂ ಮೂರು ಅಂಕಿಗಳನ್ನೂ ಪೋಣಿಸಿದ ವಾಕ್ಯವು ಮೂರಾಗಿ ಒಡೆಯುತ್ತದೆ. 4,837 ಎಂಬುದು ‘ಐದು ಸಾವಿರಕ್ಕೆ ಹತ್ತಿರ’ ಎಂದಾಗುತ್ತದೆ. ಆವರಣ ಚಿಹ್ನೆಯೊಳಗೆ ಅಡಗಿದ್ದ ಮಾತು ಹೊರಗೆ ಬಂದು ತನ್ನದೇ ವಾಕ್ಯದಲ್ಲಿ ನಿಲ್ಲಬೇಕಾಗುತ್ತದೆ, ಇಲ್ಲವೇ ಹೋಗಬೇಕಾಗುತ್ತದೆ. ಹಾಳೆಗಳಿಗೆ ಗುಂಡುಪಿನ್ನು ಕೂಡದು. ಒಂದೇ ಮಗ್ಗುಲಿಗೆ ಬರೆದ ಬಿಡಿ ಹಾಳೆಗಳನ್ನು, ಸರಸರ ಎನ್ನದಂತೆ, ಮೇಜಿನ ಮೇಲೆ ಪಕ್ಕಕ್ಕೆ ಜಾರಿಸಬೇಕು. ಪಕಾರ ಬಕಾರಗಳ ಉಸಿರು ಧ್ವನಿಗ್ರಾಹಕಕ್ಕೆ ನೇರವಾಗಿ ಬಡಿಯದಂತೆ ಮುಖವನ್ನು ತುಸು ವಾರೆಮಾಡಿಕೊಳ್ಳಬೇಕು. ಕೆಂಪು ದೀಪ ಹೊತ್ತಿದ ಮೇಲೆ ಕೆಮ್ಮಿಗೂ ಅವಕಾಶವಿಲ್ಲ. ಇಷ್ಟೆಲ್ಲ ಏತಕ್ಕೆಂದರೆ, ಓದುಗನಂತೆ ಕೇಳುಗನು ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡಲಾರನು. ಆಡಿದ ಮಾತು ಆ ಕ್ಷಣದಲ್ಲಿಯೇ ಅರ್ಥವಾಗಬೇಕು. ಪರಮಾಣುವನ್ನೂ, ಗರ್ಭಿಣಿಯ ರಕ್ತಹೀನತೆಯನ್ನೂ, ಪಂಚಾಯತಿಯ ಕಾನೂನನ್ನೂ ಅಕ್ಷರ ಬಾರದವನಿಗೂ ತಿಳಿಯುವ ಕನ್ನಡದಲ್ಲಿ, ಆದರೆ ವಿದ್ವಾಂಸನು ತಲೆತಗ್ಗಿಸಬೇಕಾಗದ ರೀತಿಯಲ್ಲಿ ಹೇಳುವ ವಿದ್ಯೆಯನ್ನು ನಮ್ಮ ಭಾಷೆಗೆ ದಶಕಗಳ ಕಾಲ ಕಲಿಸಿದ ಪಾಠಶಾಲೆ ಇದು. ಈ ಶಿಸ್ತು ಒಂದು ತಲೆಮಾರು ತಪ್ಪಿದರೆ ಅದನ್ನು ಪುಸ್ತಕ ನೋಡಿ ಮರಳಿ ಪಡೆಯಲಾಗದು.

ಪ್ರತಿವಾದಿಗಳ ಮೊದಲನೆಯ ಆಕ್ಷೇಪ ಸರ್ವವಿದಿತವಾದುದು: ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವಾಗ, ಕ್ಷಣಕ್ಷಣಕ್ಕೂ ಸುದ್ದಿ ತಾನಾಗಿ ಬಂದು ಬೀಳುತ್ತಿರುವಾಗ, ಗಂಟೆ ನೋಡಿಕೊಂಡು ವಾರ್ತೆಗಾಗಿ ಕಾಯುವವರು ಯಾರು? ಬಂದು ಬೀಳುವುದೆಲ್ಲ ಸುದ್ದಿಯಾಗಿದ್ದರೆ ಈ ಆಕ್ಷೇಪಕ್ಕೆ ಬಲವಿರುತ್ತಿತ್ತು. ಹತ್ತೋ ಹದಿನೈದೋ ನಿಮಿಷದ ಒಂದು ವಾರ್ತಾಪ್ರಸಾರದಲ್ಲಿ ನಡೆಯುವ ಮುಖ್ಯವಾದ ಕಾರ್ಯವು ಆಯ್ಕೆ. ದಿನದ ನೂರಾರು ಘಟನೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎರಡು ವಾಕ್ಯ, ಯಾವುದಕ್ಕೆ ಒಂದೂ ಇಲ್ಲ ಎಂಬುದನ್ನು ತನ್ನ ಕೆಲಸಕ್ಕೆ ಉತ್ತರ ಹೇಳಬೇಕಾದ ಮನುಷ್ಯನೊಬ್ಬನು ಕುಳಿತು ನಿರ್ಧರಿಸುತ್ತಾನೆ. ಕೊಲೆಯ ಸುದ್ದಿಗೆ ಕಿರುಚುವ ದನಿಯಿಲ್ಲ, ಹಿನ್ನೆಲೆಯ ವಾದ್ಯವಿಲ್ಲ; ಬೆಲೆಯೇರಿಕೆಯೂ ನೆರೆಯೂ ಪಂದ್ಯದ ಫಲಿತಾಂಶವೂ ಒಂದೇ ಸಮನಾದ ಕಂಠದಲ್ಲಿ, ತಮ್ಮತಮ್ಮ ಗಾತ್ರಕ್ಕೆ ತಕ್ಕಷ್ಟು ಜಾಗದಲ್ಲಿ ಬಂದು ಹೋಗುತ್ತವೆ; ಕೊನೆಯಲ್ಲಿ ಮುಖ್ಯಾಂಶಗಳು ಮತ್ತೊಮ್ಮೆ ಬಂದು ವಾರ್ತೆಯು ಮುಗಿಯುತ್ತದೆ. ಮುಗಿಯುತ್ತದೆ ಎಂಬುದು ಸಣ್ಣ ಗುಣವಲ್ಲ. ಕೇಳಿದವನು ಎದ್ದು ತನ್ನ ಕೆಲಸಕ್ಕೆ ಹೋಗಬಹುದು. ಅವನನ್ನು ಹಿಡಿದಿಟ್ಟುಕೊಂಡು ಅವನ ಕೋಪವನ್ನು ಮಾರಿ ಲಾಭ ಪಡೆಯುವ ಉದ್ದೇಶ ಹೇಳಿದವನಿಗೆ ಇಲ್ಲ. ಒಂದೇ ವಿಷಯಕ್ಕೆ ಎಂಟು ಮಂದಿಯನ್ನು ಎಂಟು ಚೌಕಗಳಲ್ಲಿ ಕೂರಿಸಿ ಏಕಕಾಲದಲ್ಲಿ ಕೂಗಿಸುವುದು ಚರ್ಚೆಯೆಂದು ನಂಬಿಸಲ್ಪಟ್ಟಿರುವ ಈ ಕಾಲದಲ್ಲಿ, ಒಬ್ಬನು ಮಾತನಾಡುವಾಗ ಇನ್ನೊಬ್ಬನು ಸುಮ್ಮನಿರುವ ಚರ್ಚೆಯು ಉಳಿದಿರುವ ಒಂದು ಸ್ಥಳವನ್ನು ಮುಚ್ಚಬೇಕೆನ್ನುವುದು ನನಗೆ ವಿಷಾದಕರವಾಗಿ ತೋರುತ್ತದೆ.

ಇಲ್ಲಿ ಅನೇಕರು ಅರಿಯದ ಒಂದು ಸಂಗತಿಯನ್ನು ಹೇಳಲೇಬೇಕು. ಭಾರತದಲ್ಲಿ ಖಾಸಗಿ ಎಫ್‌.ಎಂ. ನಿಲಯಗಳು 2001ರಿಂದ ನಡೆಯುತ್ತಿದ್ದರೂ ಅವಕ್ಕೆ ಸ್ವಂತ ವಾರ್ತೆಯನ್ನು ಪ್ರಸಾರ ಮಾಡುವ ಅನುಮತಿಯಿಲ್ಲ; ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವನ್ನೂ ಬದಲಿಸದೆ ಮರುಪ್ರಸಾರ ಮಾಡಬಹುದೆಂಬಷ್ಟೇ ಅವಕಾಶ. ಸಮುದಾಯ ಬಾನುಲಿಗಳಿಗೂ ಸ್ವಂತ ವಾರ್ತೆಯು ನಿಷಿದ್ಧ. ಹೀಗಿರುವಾಗ ಆಕಾಶವಾಣಿಯ ಕನ್ನಡ ವಾರ್ತೆಯು ಕುಗ್ಗಿದರೆ ಅದರ ಸ್ಥಾನಕ್ಕೆ ಬರತಕ್ಕ ಎರಡನೆಯ ಬಾನುಲಿ ವಾರ್ತೆಯೇ ಈ ನಾಡಿನಲ್ಲಿ ಇಲ್ಲ. ನಾನಾದರೋ ಆ ನಿಷೇಧವು ಹೋಗಬೇಕೆನ್ನುವವನು. ಪ್ರಜಾಪ್ರಭುತ್ವದಲ್ಲಿ ಅದಕ್ಕೆ ಸಮರ್ಥನೆಯನ್ನು ನಾನು ಕಾಣೆನು. ಆದರೆ ಅದು ಇರುವವರೆಗೆ, ‘ಖಾಸಗಿಯವರು ನೋಡಿಕೊಳ್ಳುತ್ತಾರೆ’ ಎನ್ನುವ ಮಾತಿಗೆ ಆಧಾರವೇ ಇಲ್ಲ.

ಕೇಳುಗರಿಲ್ಲವೆಂಬ ಮಾತನ್ನು ಆಡುವವರು ತಮ್ಮ ಮನೆಯ ಹಜಾರವನ್ನು ನೋಡಿ ಆಡುತ್ತಾರೆ. ಬಾನುಲಿಯನ್ನು ಕೇಳುವವರು ಕೈಗೆ ಕೆಲಸವಿರುವವರು. ದಕ್ಷಿಣ ಕನ್ನಡದಲ್ಲಿ ಜಗಲಿಯ ಮೇಲೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸಿಗೆ ಎಲೆ, ಹೊಗೆಸೊಪ್ಪು, ನೂಲುಗಳ ನಡುವೆ ಬೆರಳೂ ಕಣ್ಣೂ ಬಿಡುವಾಗಿರುವುದಿಲ್ಲ, ಬಿಡುವಾಗಿರುವುದು ಕಿವಿಯೊಂದೇ. ಮಲೆನಾಡಿನಲ್ಲಿ ಅಡಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತವರದು, ಇಳಕಲ್ಲಿನ ಮಗ್ಗದ ಗುಣಿಯಲ್ಲಿ ಕುಳಿತ ನೇಕಾರನದು, ಇದೇ ಸ್ಥಿತಿ. ಲಾರಿಯ ಚಾಲಕನು, ರಾತ್ರಿಯ ಕಾವಲುಗಾರನು, ಹಾಸಿಗೆ ಹಿಡಿದ ವೃದ್ಧನು, ಯಾವ ಪರದೆಯೂ ಪ್ರಯೋಜನಕ್ಕೆ ಬಾರದ ಅಂಧನು ಇವರನ್ನೆಲ್ಲ ಲೆಕ್ಕದಿಂದ ಬಿಟ್ಟಮೇಲೆ ಕೇಳುಗರಿಲ್ಲವೆಂದು ಹೇಳುವುದು ಸುಲಭವೇ ಸರಿ. ಮುಂಗಾರಿನ ಗಾಳಿಗೆ ಕಂಬಗಳುರುಳಿ, ವಿದ್ಯುತ್ತಿಲ್ಲದೆ ಮೊಬೈಲಿನ ಗೋಪುರವೂ ಮೂಕವಾದ ದಿನಗಳಲ್ಲಿ ಎರಡು ಸೆಲ್ಲಿನ ಟ್ರಾನ್ಸಿಸ್ಟರೊಂದೇ ಹೊರಲೋಕಕ್ಕೆ ಕಿವಿಯಾಗುವುದನ್ನು ಘಟ್ಟದ ಜನ ಬಲ್ಲರು. ಜನಸಂಖ್ಯೆಯ ನೂರಕ್ಕೆ 99 ಪಾಲನ್ನು ತನ್ನ ಪ್ರಸಾರವು ಮುಟ್ಟುತ್ತದೆಂದು ಆಕಾಶವಾಣಿಯ ಅಧಿಕೃತ ಲೆಕ್ಕವು ಹೇಳುತ್ತದೆ. ದೇಶದ ಪ್ರಧಾನಮಂತ್ರಿಗಳು 2014ರ ಅಕ್ಟೋಬರ್ 3ರಂದು ತಿಂಗಳಿಗೊಮ್ಮೆಯ ತಮ್ಮ ಭಾಷಣಮಾಲೆಯನ್ನು ಆರಂಭಿಸುವಾಗ ಸಕಲ ಸಾಧನಗಳೂ ಕೈಯಲ್ಲಿದ್ದು ಬಾನುಲಿಯನ್ನೇ ಆರಿಸಿಕೊಂಡರಷ್ಟೆ. ಹಳ್ಳಿಯ ಮೂಲೆಯನ್ನು ತಲಪಲು ಅದೇ ತಕ್ಕ ದಾರಿಯೆಂಬ ತಿಳಿವಳಿಕೆ ಅಧಿಕಾರದಲ್ಲಿರುವವರಿಗೆ ಇದ್ದಮೇಲೆ, ಅದೇ ದಾರಿಯಲ್ಲಿ ಹಳ್ಳಿಯವನ ಮಾತೂ ನಡೆಯಲಿ ಎನ್ನುವುದು ಅತಿಯಾದ ಬೇಡಿಕೆಯೇನಲ್ಲ. ಇನ್ನು ಕೇಳುಗರ ಸಂಖ್ಯೆಯು ಚಿತ್ರಗೀತೆಯ ವಾಹಿನಿಗಿಂತ ಕಡಮೆಯೆಂದೇ ಇಟ್ಟುಕೊಳ್ಳೋಣ. ದಿನಕ್ಕೊಮ್ಮೆ ಘಟ್ಟದ ಮೇಲಿನ ಊರಿಗೆ ಹೋಗಿ ಬರುವ ಸರ್ಕಾರಿ ಬಸ್ಸನ್ನು, ಅರ್ಧ ಖಾಲಿಯಿರುತ್ತದೆಂಬ ಕಾರಣಕ್ಕೆ ನಿಲ್ಲಿಸಿ, ತುಂಬಿ ಹೋಗುವ ಪೇಟೆಯ ದಾರಿಗೇ ಇನ್ನೊಂದು ಬಸ್ಸನ್ನು ಹಾಕುವವನಿಗೆ ಸಾರ್ವಜನಿಕ ಸೇವೆಯೆಂದರೇನೆಂಬುದು ತಿಳಿದಿಲ್ಲ.

ಒಂದೇ ರಾಜ್ಯಕ್ಕೆ ಒಂದೇ ಪ್ರಸಾರ ಸಾಕೆಂಬ ಸಲಹೆಯನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ವಿರೋಧಿಸುತ್ತೇನೆ. ಕನ್ನಡನಾಡಿನ ಬಾನುಲಿಯು ರಾಜಧಾನಿಯಲ್ಲಿ ಹುಟ್ಟಿದುದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕವನ್ನಿಟ್ಟು, ಊರಿನ ಸಂಗೀತಗಾರರನ್ನೂ ಸಾಹಿತಿಗಳನ್ನೂ ಕರೆದು ಪ್ರಸಾರವನ್ನು ಆರಂಭಿಸಿದರು. ಅವರ ನಿಲಯವು ಧರಿಸಿದ ಆಕಾಶವಾಣಿಯೆಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಬಂದಿತು. ಮುಂದೆ ಆ ನಿಲಯವನ್ನು ಮೈಸೂರು ಸಂಸ್ಥಾನವು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಅದಕ್ಕೂ ಮೊದಲೇ, 1950ರಲ್ಲಿ, ಕನ್ನಡನಾಡು ಇನ್ನೂ ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಧಾರವಾಡದ ನಿಲಯವು ಆರಂಭವಾಗಿ ಉತ್ತರದ ಕನ್ನಡಕ್ಕೆ ತನ್ನದೇ ಆದ ದನಿಯನ್ನು ಕೊಟ್ಟಿತು. ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು, ಎನ್ಕೆ ಕುಲಕರ್ಣಿಯವರು ಅಲ್ಲಿ ದುಡಿದರು. ಬೆಂಗಳೂರಿನಲ್ಲಿ ಎ. ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ನಾಗಿ ಊರಿನ ಕುಂದುಕೊರತೆಗಳನ್ನು ಆಡುಮಾತಿನಲ್ಲಿ ಆಡಿ ತೋರಿಸಿದರು. ಭದ್ರಾವತಿ, ಕಲಬುರ್ಗಿ, ಮಂಗಳೂರು, ಮತ್ತೆ ಮೈಸೂರು, ಆಮೇಲೆ ಮಡಿಕೇರಿ, ಕಾರವಾರ, ಹಾಸನ, ಚಿತ್ರದುರ್ಗ, ರಾಯಚೂರು, ವಿಜಯಪುರಗಳಿಗೆ ನಿಲಯಗಳು ಬಂದುದು ಯಾರ ದುಂದುಗಾರಿಕೆಯಿಂದಲೂ ಅಲ್ಲ. ಒಂದು ಊರಿನ ಮಾತನ್ನು ಇನ್ನೊಂದು ಊರು ಆಡಲಾರದೆಂಬ ಅನುಭವದಿಂದ. ಆಗುಂಬೆಯ ಸುತ್ತಿನ ಕೊಳೆರೋಗಕ್ಕೂ ವಿಜಯಪುರದ ಜೋಳದ ಹೊಲದ ಬರಕ್ಕೂ ಬೆಂಗಳೂರಿನ ಒಂದೇ ಸಲಹೆಯು ಹೇಗೆ ಸಾಕಾದೀತು? ಮಡಿಕೇರಿಯ ನಿಲಯವು ಮೌನವಾದರೆ ಕೊಡವ ಭಾಷೆಯ ಮಾತನ್ನು, ಮಂಗಳೂರಿನದು ಸಂಕುಚಿತವಾದರೆ ತುಳು ಕೊಂಕಣಿಗಳ ಮಾತನ್ನು, ಕರಾವಳಿಯ ಮೀನುಗಾರನಿಗೆ ಕಡಲಿಗಿಳಿಯಬೇಡವೆಂಬ ಎಚ್ಚರಿಕೆಯನ್ನು ಅವನ ಭಾಷೆಯಲ್ಲಿ ಹೇಳುವವರು ಯಾರು?

ಸ್ಥಳೀಯವಾದ ಮಾತಿಗೆ ಫಲವುಂಟೆಂಬುದಕ್ಕೆ ಸಾಕ್ಷಿ ಹಳೆಯದಾದರೂ ಗಟ್ಟಿಯಾದುದು. 1956ರಲ್ಲಿ ಪುಣೆಯ ನಿಲಯವು ಯುನೆಸ್ಕೋದ ನೆರವಿನಿಂದ ಐದು ಜಿಲ್ಲೆಗಳ ಸುಮಾರು 150 ಗ್ರಾಮಗಳಲ್ಲಿ ಕೇಳುಗರ ಕೂಟಗಳನ್ನು ಕಟ್ಟಿ, ವಾರಕ್ಕೆರಡರಂತೆ 20 ಕಾರ್ಯಕ್ರಮಗಳನ್ನು ಪ್ರಸಾರಮಾಡಿತು. ರೈತರು ಒಟ್ಟಿಗೆ ಕುಳಿತು ಕೇಳಿ, ಕೇಳಿದ್ದನ್ನು ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಕಳುಹಿಸಿದರು. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞನು ಅದನ್ನು ಪರೀಕ್ಷಿಸಿ, ಕೂಟಗಳಿದ್ದ ಊರುಗಳಲ್ಲಿ ತಿಳಿವಳಿಕೆಯು ಇಲ್ಲದ ಊರುಗಳಿಗಿಂತ ಬಹಳ ಹೆಚ್ಚಿತೆಂದು ಕಂಡುಕೊಂಡನು. ಮುಂದಿನ ದಶಕದಲ್ಲಿ ತಂಜಾವೂರಿನ ರೈತರು ಬಾನುಲಿಯ ಮೂಲಕ ತಿಳಿದು ಬೆಳೆದ ಹೊಸ ಭತ್ತದ ತಳಿಗೆ ‘ರೇಡಿಯೋ ಭತ್ತ’ವೆಂದೇ ಹೆಸರಾಯಿತು. ಈ ಎರಡೂ ಕಡೆಗಳಲ್ಲಿ ಕೆಲಸ ಮಾಡಿದುದು ಹಾಡಲ್ಲ, ಮಾತು.

ಹಾಡಿನ ವಿಷಯಕ್ಕೆ ಬಂದಾಗ ಪ್ರತಿವಾದಿಗಳು 1952ರ ಕಥೆಯನ್ನು ತೆಗೆಯುತ್ತಾರೆ: ಮಂತ್ರಿ ಬಿ. ವಿ. ಕೇಸ್ಕರರು ಚಿತ್ರಗೀತೆಗಳನ್ನು ದೂರವಿಟ್ಟರು, ಕೇಳುಗರು ರೇಡಿಯೋ ಸಿಲೋನಿಗೆ ಹೋದರು, ಕಡೆಗೆ 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಕಥೆ ನಿಜ. ಜನರಿಗೆ ಬೇಕಾದ ಹಾಡನ್ನು ತಡೆದುದು ಅವಿವೇಕ, ಮರಳಿ ಕೊಟ್ಟುದು ವಿವೇಕ. ಆದರೆ ವಿವಿಧ ಭಾರತಿಯು ಬಂದಾಗ ವಾರ್ತೆಯನ್ನೂ ಭಾಷಣವನ್ನೂ ಕಿತ್ತು ಅದಕ್ಕೆ ಜಾಗಮಾಡಲಿಲ್ಲ. ಅದಕ್ಕೆಂದು ಬೇರೆಯ ಸರಣಿಯನ್ನು ಕಟ್ಟಿದರು. ಹಾಡು ಬೇಕೆಂದವನು ಮಾತು ಬೇಡವೆಂದನೆಂದು ಅರ್ಥಮಾಡುವುದು ಅವನ ಬಾಯಲ್ಲಿ ನಮ್ಮ ಮಾತನ್ನು ಇಟ್ಟಂತೆ.

ಇನ್ನುಳಿದಿರುವ ಒಂದು ಆಕ್ಷೇಪವು ನಿಜವಾಗಿಯೂ ಭಾರವಾದುದು. ಅದನ್ನು ಹಗುರಮಾಡಿ ತೋರಿಸುವ ಇಚ್ಛೆ ನನಗಿಲ್ಲ. ಆಕಾಶವಾಣಿಯು ಸರ್ಕಾರದ ಕಹಳೆಯೆಂದೂ, ಆಳುವವರು ಯಾರಾದರೂ ಅವರ ಉದ್ಘಾಟನೆ ಶಿಲಾನ್ಯಾಸಗಳ ಪಟ್ಟಿಯೇ ಅದರ ವಾರ್ತೆಯೆಂದೂ ಹೇಳುವವರು ಸುಳ್ಳನ್ನು ಹೇಳುತ್ತಿಲ್ಲ. ತುರ್ತುಪರಿಸ್ಥಿತಿಯ 1975ರಿಂದ 1977ರವರೆಗಿನ ತಿಂಗಳುಗಳಲ್ಲಿ ಈ ಸಂಸ್ಥೆಯು ತನ್ನ ಕೇಳುಗರಿಗೆ ಮಾಡಿದ ಅನ್ಯಾಯವು ಅದರ ಚರಿತ್ರೆಯಲ್ಲಿ ಅಳಿಯದ ಕಲಂಕ. ಸೆರೆಯಲ್ಲಿದ್ದವರ ಹೆಸರನ್ನು ದೇಶದ ಬಾನುಲಿಯು ಉಚ್ಚರಿಸಲಿಲ್ಲ. ಇಂದಿಗೂ ‘ಸಚಿವರು ತಿಳಿಸಿದ್ದಾರೆ’ ಎಂಬಲ್ಲಿ ಆರಂಭವಾಗಿ ‘ಸಚಿವರು ಭರವಸೆ ನೀಡಿದ್ದಾರೆ’ ಎಂಬಲ್ಲಿ ಮುಗಿಯುವ ಪ್ರದೇಶ ಸಮಾಚಾರವನ್ನು ಕೇಳಿ ಬೇಸರಪಡದವರು ಯಾರು? ಆದರೆ ಈ ರೋಗಕ್ಕೆ ಚಿಕಿತ್ಸೆ ಏನೆಂಬುದನ್ನು ನಮ್ಮವರು ಸುಮಾರು ಅರ್ಧ ಶತಮಾನದ ಹಿಂದೆಯೇ ಬರೆದಿಟ್ಟಿದ್ದಾರೆ. 1977ರಲ್ಲಿ ನೇಮಕವಾದ ಬಿ. ಜಿ. ವರ್ಗೀಸರ ಸಮಿತಿಯು ಮರುವರ್ಷ ಕೊಟ್ಟ ವರದಿಯು ‘ಆಕಾಶ ಭಾರತಿ’ಯೆಂಬ ಸ್ವತಂತ್ರ ನ್ಯಾಸವೊಂದಕ್ಕೆ ಪ್ರಸಾರವನ್ನು ಒಪ್ಪಿಸಬೇಕೆಂದಿತು. 1990ರಲ್ಲಿ ಪ್ರಸಾರ ಭಾರತಿ ಅಧಿನಿಯಮವು ಅಂಗೀಕೃತವಾಗಿ, ಏಳು ವರ್ಷ ಧೂಳು ಹಿಡಿದು, 1997ರಲ್ಲಿ ಜಾರಿಗೆ ಬಂದಿತು. ನಡುವೆ, 1995ರಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅಂದರೆ ಅವು ಸರ್ಕಾರದವೂ ಅಲ್ಲ, ವರ್ತಕನವೂ ಅಲ್ಲ. ಕಾಯಿದೆಯು ಕೊಟ್ಟ ಸ್ವಾಯತ್ತತೆಯನ್ನು ಹಣದ ಗಂಟಿನಿಂದಲೂ ನೇಮಕದ ಅಧಿಕಾರದಿಂದಲೂ ಒಂದರ ಮೇಲೊಂದು ಬಂದ ಸರ್ಕಾರಗಳು ತಡೆಹಿಡಿದಿವೆ. ಹೋರಾಡಬೇಕಾದುದು ಆ ತಡೆಯ ವಿರುದ್ಧ. ನ್ಯಾಯಾಲಯದಲ್ಲಿ ಪಕ್ಷಪಾತ ಕಂಡರೆ ನ್ಯಾಯಾಧೀಶನನ್ನು ಸ್ವತಂತ್ರಗೊಳಿಸಬೇಕೆನ್ನುತ್ತೇವೆ, ನ್ಯಾಯಾಲಯವನ್ನು ಕೆಡವಬೇಕೆನ್ನುವುದಿಲ್ಲ. ವಾರ್ತೆಯು ಸರ್ಕಾರದ ಕಡೆಗೆ ವಾಲುತ್ತದೆಂಬ ಕಾರಣಕ್ಕೆ ಕೃಷಿರಂಗವನ್ನೂ ಹೆರಿಗೆ ವೈದ್ಯೆಯ ಸಂದರ್ಶನವನ್ನೂ ಸೋಬಾನೆಯ ಮುದುಕಿಯನ್ನೂ ಹೊರದೂಡುವುದು ಯಾವ ನ್ಯಾಯ?

ಮಾತಿನ ಬಾನುಲಿಯು ಈಗ ಸೊರಗಿರುವುದು ನಿಜ. ಅದು ತಾನಾಗಿ ಸೊರಗಿದುದಲ್ಲ. 1988ರಲ್ಲಿ ಆರಂಭವಾಗಿ ರಾತ್ರಿಯೆಲ್ಲ ಪ್ರಸಾರ ನಡೆಸುತ್ತಿದ್ದ ರಾಷ್ಟ್ರೀಯ ವಾಹಿನಿಯನ್ನೂ, ಪ್ರಸಾರದ ಕಸಬನ್ನು ಕಲಿಸುತ್ತಿದ್ದ ಐದು ಪ್ರಾದೇಶಿಕ ತರಬೇತಿ ಕೇಂದ್ರಗಳನ್ನೂ 2019ರ ಆರಂಭದಲ್ಲಿ ವೆಚ್ಚದ ಕಾರಣವನ್ನು ಹೇಳಿ ಮುಚ್ಚುವ ತೀರ್ಮಾನವಾಯಿತು. ನಿವೃತ್ತರಾದ ಕಾರ್ಯಕ್ರಮ ನಿರ್ವಾಹಕರ ಸ್ಥಾನಗಳು ವರ್ಷಗಟ್ಟಲೆ ಖಾಲಿಯಿವೆ. ದಿನಗೂಲಿಯಂತೆ ಕರೆಬಂದಾಗ ಬರುವ ಸಾಂದರ್ಭಿಕ ಉದ್ಘೋಷಕರ ಹೆಗಲ ಮೇಲೆ ಅನೇಕ ನಿಲಯಗಳ ದಿನವು ನಿಂತಿದೆ. ನಾಟಕ ವಿಭಾಗಕ್ಕೆ ಕಲಾವಿದರಿಲ್ಲ, ಹಳ್ಳಿಗೆ ಹೋಗಿ ಧ್ವನಿಮುದ್ರಿಸಿ ತರಲು ವಾಹನವಿಲ್ಲ. ಹಳೆಯ ಮುದ್ರಣವನ್ನೇ ಮರಳಿ ಮರಳಿ ಹಾಕಬೇಕಾಗುತ್ತದೆ. ಹೀಗೆ ಅನ್ನವನ್ನು ನಿಲ್ಲಿಸಿದ ಮೇಲೆ, ಬಲವಿಲ್ಲದ್ದನ್ನು ಉಳಿಸಿ ಫಲವೇನೆಂದು ಕೇಳುವುದು ಸಲ್ಲದು. ಜಿಲ್ಲಾ ನಿಲಯಗಳಿಗೆ ಸ್ವಂತ ಪ್ರಸಾರದ ಹೊತ್ತು ಇರಲಿ, ಹೆಚ್ಚಲಿ. ಖಾಲಿಯಿರುವ ಸ್ಥಾನಗಳಿಗೆ ಆ ಜಿಲ್ಲೆಯ ಭಾಷೆಯನ್ನು ಬಲ್ಲವರ ನೇಮಕವಾಗಲಿ. ವಾರ್ತಾ ವಿಭಾಗವು ಮಂತ್ರಾಲಯದ ದೂರವಾಣಿಗೆ ಓಗೊಡಬೇಕಾಗದ ವ್ಯವಸ್ಥೆಯು ಕಾಯಿದೆಯ ಅಕ್ಷರದಲ್ಲಿರುವಂತೆ ಆಚರಣೆಯಲ್ಲಿಯೂ ಬರಲಿ.

ಓದುಗ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೆ. ಬಾನುಲಿಯು ಸತ್ತಿತೆಂಬ ಮಾತನ್ನು ಇನ್ನೊಮ್ಮೆ ಆಡುವ ಮೊದಲು ನಿಮ್ಮ ಜಿಲ್ಲೆಯ ನಿಲಯವನ್ನು ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಕೇಳಿರಿ. ಕೇಳಿದ ಮೇಲೆ ಯಾವ ಕಾರ್ಯಕ್ರಮ ಒಳ್ಳೆಯದಾಗಿತ್ತು, ಯಾವುದು ಸರ್ಕಾರಿ ಪ್ರಕಟಣೆಯಂತಿತ್ತು, ಯಾವುದು ಇರಬೇಕಾಗಿತ್ತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ನಿಲಯಕ್ಕೆ ಕಳುಹಿಸಿರಿ. ಕೇಳುಗರ ಪತ್ರಗಳನ್ನು ಓದಿ ಉತ್ತರಿಸುವ ಸಂಪ್ರದಾಯ ಆಕಾಶವಾಣಿಯಲ್ಲಿ ಇನ್ನೂ ಇದೆ.